ಹದಿನಾರನೆಯ ರಿಜಿಸ್ಟರು

‘ಮುಖ್ಯೋಪಾಧ್ಯಾಯ’ ಎಂಬ ಪದವನ್ನು ಬಿಡಿಸಿ ಬರೆಯಿರಿ ಎಂದರೆ ಒಂಬತ್ತನೆಯ ತರಗತಿಯ ಮಕ್ಕಳು ಮುಖ್ಯ ಒಂದು ಕಡೆ, ಉಪಾಧ್ಯಾಯ ಒಂದು ಕಡೆ ಇಟ್ಟು, ಪಕ್ಕದಲ್ಲಿ ಗುಣಸಂಧಿ ಎಂದು ಬರೆದು ಅಂಕ ಗಿಟ್ಟಿಸಿಕೊಳ್ಳುತ್ತಾರೆ. ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮಾತ್ರ ಇದು ಲೋಪಸಂಧಿ ಎಂದು ವಾದಿಸುತ್ತಾರೆ. ‘ಮುಖ್ಯ ಬಂದ ಕೂಡಲೇ ಉಪಾಧ್ಯಾಯ ಲೋಪವಾಗ್ತಾನಲ್ಲ ಸಾರ್, ಇನ್ನೇನು ಸಾಕ್ಷಿ ಬೇಕು?’ ಎನ್ನುವುದು ಅವರ ವ್ಯಾಕರಣ.

ಸ್ಟಾಫ್ ರೂಮಿನಲ್ಲಿ ಈ ಮಾತಿಗೆ ಎಲ್ಲರೂ ನಗುತ್ತೇವೆ. ಈ ವರ್ಷ ನನ್ನ ನಗು ಸ್ವಲ್ಪ ಕಡಿಮೆಯಾಗಿದೆ. ಪ್ರೌಢಶಾಲಾ ಸಹ ಶಿಕ್ಷಕರಿಗೆ ಮುಖ್ಯ ಶಿಕ್ಷಕರ ಹುದ್ದೆಗೆ ಬಡ್ತಿ ಕೊಡುವ ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿದೆ. ಸ್ನೇಹಿತರು ಅಭಿನಂದಿಸುವ ಬದಲು ಹತ್ತಿರ ಬಂದು, ದನಿ ತಗ್ಗಿಸಿ, ‘ಬೇಡ ಅಂತ ಬರೆದುಕೊಟ್ಟುಬಿಡಿ’ ಎನ್ನುತ್ತಿದ್ದಾರೆ. ಇಲಾಖೆಯ ಹೊರಗಿನ ಓದುಗರಿಗೆ ಇದು ಸೋಜಿಗವೆನಿಸಬಹುದು. ಬಂದ ಬಡ್ತಿಯನ್ನು ಯಾರಾದರೂ ಬೇಡವೆನ್ನುತ್ತಾರೆಯೇ? ಎನ್ನುತ್ತಾರೆ, ಬಹಳ ಮಂದಿ ಎನ್ನುತ್ತಾರೆ. ಸೇವಾವಧಿಯ ಲೆಕ್ಕದ ಬಡ್ತಿಗಳನ್ನೆಲ್ಲ ಪಡೆದ ಹಿರಿಯ ಶಿಕ್ಷಕನಿಗೆ ಸಂಬಳದಲ್ಲಿ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೆ. ತಲೆನೋವಿನಲ್ಲಿ ಆಗುವ ವ್ಯತ್ಯಾಸ ದೊಡ್ಡದು.

ಆ ತಲೆನೋವನ್ನು ಎಣಿಸಬಹುದು. ಮೊನ್ನೆ ನಮ್ಮ ಹೆಡ್‌ಮೇಷ್ಟ್ರ ಮೇಜಿನ ಮುಂದೆ ಕೂತು ಎಣಿಸಿದೆ. ಶಿಕ್ಷಕರ ಹಾಜರಿ, ದಾಖಲಾತಿ, ವರ್ಗಾವಣೆ ಪತ್ರ, ನಗದು ಪುಸ್ತಕ, ದಾಸ್ತಾನು, ಬಿಸಿಯೂಟದ ಅಕ್ಕಿ-ಬೇಳೆ-ಎಣ್ಣೆ, ಹಾಲಿನ ಪುಡಿ, ಮೊಟ್ಟೆ ಮತ್ತು ಬಾಳೆಹಣ್ಣು, ಸಮವಸ್ತ್ರ, ಪಠ್ಯಪುಸ್ತಕ, ಶೂ ಮತ್ತು ಸಾಕ್ಸು, ವಿದ್ಯಾರ್ಥಿವೇತನ, ಎಸ್‌ಡಿಎಂಸಿ ನಡಾವಳಿ, ರಜೆ, ಸಂದರ್ಶಕರ ಪುಸ್ತಕ. ಒಟ್ಟು ಹದಿನೈದು ರಿಜಿಸ್ಟರು. ಕಂಪ್ಯೂಟರಿಗೆ ತುಂಬಬೇಕಾದದ್ದು ಬೇರೆ. ಕಂಪ್ಯೂಟರು ಬಂದರೆ ರಿಜಿಸ್ಟರು ಹೋಗುತ್ತವೆ ಎಂದು ಹೇಳಿದವರೂ ಉಂಟು. ಎರಡೂ ಉಳಿದವು. ನೆಟ್‌ವರ್ಕ್ ಸಿಗದ ದಿನ ಮೊಬೈಲು ಹಿಡಿದು ಶಾಲೆಯ ಮಾಳಿಗೆ ಹತ್ತುವ ಕೆಲಸ ಹೆಚ್ಚಿಗೆ ಸೇರಿತು.

ನಾನು ಈ ರಿಜಿಸ್ಟರುಗಳ ವಿರೋಧಿಯಲ್ಲ. ಒಂದೊಂದರ ಹಿಂದೆಯೂ ಮಕ್ಕಳಿಗೆ ಸಲ್ಲಬೇಕಾದ ಏನೋ ಒಂದಿದೆ. ಬಿಸಿಯೂಟ ಬರುವ ಮುಂಚಿನ ಶಾಲೆಗಳಲ್ಲಿ ಪಾಠ ಮಾಡಿದವನಾದ್ದರಿಂದ, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಹಸಿದ ಮಗುವಿನ ಕಣ್ಣು ಹೇಗಿರುತ್ತದೆ ಎಂಬುದನ್ನು ಬಲ್ಲೆ. ಅಕ್ಕಿಯ ಲೆಕ್ಕ ಸರಿಯಾಗಿರಲೇಬೇಕು. ಆದರೆ ಆ ಲೆಕ್ಕ ಬರೆಯುವಷ್ಟರಲ್ಲಿ ಮುಗಿದುಹೋಗುವ ದಿನದ ಬಗ್ಗೆ ನನ್ನ ಚಿಂತೆ. ಇನ್ನೊಂದು ಚಿಂತೆ ಶೇಕಡಾವಾರಿನದು. ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು ಬಂತು ಎಂಬ ಒಂದೇ ಪ್ರಶ್ನೆಯಿಂದ ಹೆಡ್‌ಮೇಷ್ಟ್ರನ್ನು ಅಳೆಯುತ್ತಾರೆ. ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೇ? ಅಥವಾ ಮೇಷ್ಟ್ರುಗಳು ಪಾಠ ಮಾಡುವುದನ್ನು ಮರೆತರೇ? ನಾವು ಇಷ್ಟು ದಿನ ಯಾವುದನ್ನು ಅಳೆಯುತ್ತಿದ್ದೆವು ಎಂದು ಕೇಳಿಕೊಳ್ಳಲು ಅದು ಒಳ್ಳೆಯ ಅವಕಾಶವಾಗಿತ್ತು. ಡಿಸೆಂಬರಿನಿಂದಲೇ ಪ್ರಯೋಗಶಾಲೆಗೆ ಬೀಗ ಹಾಕಿ ‘ವಿಶೇಷ ತರಗತಿ’ ಶುರುಮಾಡುವುದೇ ನಮಗೆ ಸುಲಭವೆನಿಸಿತು.

ಹಾಗಾದರೆ ಹೆಡ್‌ಮೇಷ್ಟ್ರು ಎಂದರೆ ಯಾರು? ನನ್ನ ಉತ್ತರ ಸರಳವಾದದ್ದು. ಶಾಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕಲಿಯುತ್ತಿರುವ ಮನುಷ್ಯ. ಮಕ್ಕಳು ಕಲಿಯುವುದನ್ನು ನಾವು ದಿನವೂ ನೋಡುತ್ತೇವೆ. ದೊಡ್ಡವರು ಕಲಿಯುವುದನ್ನು ಮಕ್ಕಳು ಯಾವಾಗ ನೋಡಬೇಕು? ಅವರ ಕಣ್ಣಿಗೆ ಬೀಳುವ ಮೇಷ್ಟ್ರು ಎಲ್ಲ ಗೊತ್ತಿರುವವರು, ಹೆಡ್‌ಮೇಷ್ಟ್ರು ಗೊತ್ತಿರುವುದನ್ನೆಲ್ಲ ಮುಗಿಸಿ ಕುರ್ಚಿ ಹಿಡಿದವರು. ಅಂಥವರನ್ನು ನೋಡಿ ಬೆಳೆದ ಮಗು, ಓದು ಎಂದರೆ ಹತ್ತನೆಯ ತರಗತಿಗೆ ಮುಗಿಯುವ ಒಂದು ಕಾಯಿಲೆ ಎಂದುಕೊಂಡರೆ ಅದರ ತಪ್ಪೇನು?

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2019ರ ಜೂನ್ ತಿಂಗಳು. ಆಗ ನಮ್ಮ ಹೆಡ್‌ಮೇಷ್ಟ್ರಾಗಿದ್ದವರು ಇತಿಹಾಸದ ಪದವೀಧರರು, ನಿವೃತ್ತಿಗೆ ಎರಡು ವರ್ಷ ಇದ್ದವರು. ಆ ವರ್ಷ ಮೇ 20ರಂದು ಕಿಲೋಗ್ರಾಮಿನ ವ್ಯಾಖ್ಯೆ ಬದಲಾಗಿತ್ತು. 1889ರಿಂದ ಪ್ಯಾರಿಸ್ಸಿನ ಹತ್ತಿರದ ಸೆವ್ರ್ ಎಂಬಲ್ಲಿ ಗಾಜಿನ ಗಂಟೆಗಳೊಳಗೆ ಕಾಪಾಡಿಕೊಂಡು ಬಂದಿದ್ದ ಪ್ಲಾಟಿನಂ-ಇರಿಡಿಯಂ ತುಂಡು ಆ ದಿನದಿಂದ ಬರಿಯ ಲೋಹದ ತುಂಡಾಯಿತು. ಅದರ ಜಾಗಕ್ಕೆ ಪ್ಲಾಂಕ್ ಸ್ಥಿರಾಂಕ ಎಂಬ ಒಂದು ಸಂಖ್ಯೆ ಬಂತು. ಈ ಸಂಗತಿಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಅವರು, ‘ನಾಳೆ ಒಂಬತ್ತನೇ ಕ್ಲಾಸಿಗೆ ಹೇಳ್ತೀರಲ್ಲ, ನಾನೂ ಬರ್ತೀನಿ’ ಎಂದರು. ಬಂದರು. ಕೊನೆಯ ಬೆಂಚಿನಲ್ಲಿ, ಇಬ್ಬರು ಹುಡುಗರ ಪಕ್ಕ, ಮೊಣಕಾಲು ಹಿಡಿಸದೆ ಓರೆಯಾಗಿ ಕೂತರು. ಮಕ್ಕಳು ಮೊದಲು ಇದು ತಪಾಸಣೆ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿದರು.

ಅರ್ಧ ಪಾಠವಾಗುವಾಗ ಹೆಡ್‌ಮೇಷ್ಟ್ರು ಕೈ ಎತ್ತಿದರು. ‘ಮೇಷ್ಟ್ರೇ, ಒಂದು ಅನುಮಾನ. ಆ ತುಂಡೇ ಒಂದು ಕಿಲೋ ಅಂದಮೇಲೆ, ಅದು ಸವೆದು ಹೋದರೆ ಸವೆದಿದೆ ಅಂತ ಯಾವುದರ ಜೊತೆ ತೂಗಿ ನೋಡೋದು?’

ತರಗತಿ ನಿಶ್ಶಬ್ದವಾಯಿತು. ಎಂಥ ಪ್ರಶ್ನೆ! ಅಳತೆಗೋಲೇ ಕುಗ್ಗಿದರೆ ಅದನ್ನು ಅಳೆಯುವುದು ಯಾವುದರಿಂದ? ಪ್ರಪಂಚದ ವಿಜ್ಞಾನಿಗಳ ತಲೆ ಕೆಡಿಸಿದ್ದೂ ಇದೇ ಪ್ರಶ್ನೆಯೆಂದು ಹೇಳಿದೆ. ಆ ತುಂಡಿಗೆ ಅಧಿಕೃತ ಪ್ರತಿಗಳಿದ್ದವು. ಭಾರತದ ಪಾಲಿನ 57ನೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಮೂಲವನ್ನೂ ಪ್ರತಿಗಳನ್ನೂ ಅಪರೂಪಕ್ಕೊಮ್ಮೆ ಪಕ್ಕಪಕ್ಕ ಇಟ್ಟು ತೂಗಿದಾಗ, ಸುಮಾರು ನೂರು ವರ್ಷದಲ್ಲಿ ಸರಿಸುಮಾರು 50 ಮೈಕ್ರೋಗ್ರಾಮಿನಷ್ಟು ಅಂತರ ಬಿದ್ದಿತ್ತು. ಮೂಲ ಹಗುರಾಯಿತೋ, ಪ್ರತಿಗಳು ಭಾರವಾದವೋ, ಹೇಳುವವರು ಯಾರು? ವ್ಯಾಖ್ಯೆಯ ಪ್ರಕಾರ ಮೂಲ ತಪ್ಪುವಂತೆಯೇ ಇಲ್ಲ! ಇದನ್ನು ಕೇಳಿ ಹೆಡ್‌ಮೇಷ್ಟ್ರು ತೊಡೆ ತಟ್ಟಿ ನಕ್ಕರು. ‘ಹಿಂದಿನ ರಾಜರ ಹಾಗೆ’ ಎಂದರು. ಅವರ ಪಕ್ಕದ ಹುಡುಗ, ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದವನು, ‘ಹಂಗಾದ್ರೆ ನಮ್ಮ ಸಂತೆ ತಕ್ಕಡಿ ಬೊಟ್ಟುಗಳನ್ನ ಯಾರು ತೂಗ್ತಾರೆ ಸಾರ್?’ ಎಂದು ಕೇಳಿದ. ಅಲ್ಲಿಂದ ಆ ಪೀರಿಯಡ್ಡು ನನ್ನ ಕೈಯಲ್ಲಿ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಮಕ್ಕಳ ಕೈಗೆ ಹೋಗಿತ್ತು.

ಆ ಹೆಡ್‌ಮೇಷ್ಟ್ರು ಅಂದು ಯಾವ ಭಾಷಣವನ್ನೂ ಮಾಡಲಿಲ್ಲ. ಕೇಳುವುದು ನಾಚಿಕೆಯ ಕೆಲಸವಲ್ಲ ಎಂಬುದನ್ನು ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದೆ. ಅವರು ಓರೆಯಾಗಿ ಕೂತು ಒಂದು ಕೈ ಎತ್ತಿ ತೋರಿಸಿದರು.

ನಮ್ಮ ಕೋಲಾರ-ಚಿಕ್ಕಬಳ್ಳಾಪುರದ ಸೀಮೆಗೆ ಇಂಥವರ ಪರಂಪರೆ ಇದೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಸೇರಲು ಬಸ್ಸಿನ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಹೋದ ಕಥೆ ನಿಮಗೆ ಗೊತ್ತಿರಬಹುದು. ಎಲ್ಲ ಶಾಲಾ ಸಮಾರಂಭಗಳಲ್ಲಿಯೂ ಅದನ್ನು ಹೇಳುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು ಅದರ ನಂತರದ ನಡಿಗೆ. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾಗಿ ನೆಲೆ ನಿಂತ ಮೇಲೆ ಅವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಮತ್ತೆ ವಿದ್ಯಾರ್ಥಿಯಾಗಿ ಹೋದರು. ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿದ್ದು 1960ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಹಿಂತಿರುಗಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಕುರ್ಚಿಗೆ ಬಂದವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಸಂಜೆ ವಿಜ್ಞಾನದ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದಿತ್ತು. 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದಾಗಲೂ ಅವರು ಇದ್ದದ್ದು ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ. 2005ರಲ್ಲಿ ತೀರಿಕೊಳ್ಳುವವರೆಗೂ ಹುಡುಗರ ನಡುವೆಯೇ ಇದ್ದರು. ಅಧಿಕಾರದಲ್ಲಿದ್ದವರೊಬ್ಬರು ವಿದ್ಯಾರ್ಥಿ ನಿಲಯವನ್ನು ಬಿಡಲಿಲ್ಲ ಎಂಬುದಕ್ಕೆ ಎರಡು ಅರ್ಥ ಇವೆ. ನನಗೆ ಎರಡೂ ಇಷ್ಟ.

ನಮ್ಮ ಸೀಮೆಯ ಇನ್ನೊಂದು ಮೂಲೆಯಲ್ಲಿ, ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಹತ್ತಿರ, ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲರು 1972ರಲ್ಲಿ ‘ನೀಲ್‌ಬಾಗ್’ ಎಂಬ ಪುಟ್ಟ ಶಾಲೆ ತೆರೆದರು. ಸುತ್ತಲ ಹಳ್ಳಿಯ ಮಕ್ಕಳಿಗಾಗಿ. ಅಲ್ಲಿ ಪರೀಕ್ಷೆ ಇರಲಿಲ್ಲ, ಪೆಟ್ಟು ಇರಲಿಲ್ಲ. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರುತ್ತಿದ್ದರು. ಮರಗೆಲಸ, ಮಡಕೆ, ತೋಟ, ಸಂಗೀತ, ಹಲವು ಭಾಷೆಗಳು ನಡೆಯುತ್ತಿದ್ದವು. ಶಿಕ್ಷಕರ ತರಬೇತಿಯೂ ಅದೇ ಸೂರಿನಡಿ, ಮಕ್ಕಳ ನಡುವೆಯೇ. ಅಂದರೆ ಮಗು ಒಂದು ಬೆಂಚಿನಲ್ಲಿ ಕಲಿಯುತ್ತಿದ್ದರೆ ಅದರ ಮೇಷ್ಟ್ರು ಪಕ್ಕದ ಬೆಂಚಿನಲ್ಲಿ ಇನ್ನೇನನ್ನೋ ಕಲಿಯುತ್ತಿದ್ದರು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಶಾಲೆ ಬಹಳ ಕಾಲ ಉಳಿಯಲಿಲ್ಲ. ಆದರೆ ಅಲ್ಲಿ ತಯಾರಾದ ಕೆಲವರು ತಾವೇ ಶಾಲೆಗಳನ್ನು ನಡೆಸಿದರು.

‘ಅದೆಲ್ಲ ಬೆರಳೆಣಿಕೆಯ ಮಕ್ಕಳ ಖಾಸಗಿ ಶಾಲೆ ಸಾರ್, ನಮ್ಮ ಸರ್ಕಾರಿ ಶಾಲೆಯಲ್ಲಿ ಆಗೋ ಮಾತಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಉತ್ತರಕ್ಕೆ ಎಚ್.ಡಿ. ಕೋಟೆಗೆ ಹೋಗುತ್ತೇನೆ. 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು, ಯುನಿಸೆಫ್ ನೆರವಿನ ಕಾರ್ಯಕ್ರಮವೊಂದರಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ನಮ್ಮ ಮಕ್ಕಳಿಗೆ, ನಮ್ಮ ಊರಿನ ಪದಗಳಲ್ಲಿ ಇದನ್ನು ಮಾಡುವುದು ಹೇಗೆ ಎಂದು ತಾವೇ ಕೂತು ಕಾರ್ಡು ಬರೆದರು, ಚಿತ್ರ ಬರೆದರು, ಹಾಡು ಕಟ್ಟಿದರು, ಸರಿಹೋಗದ್ದನ್ನು ಕಿತ್ತು ಮತ್ತೆ ಬರೆದರು. ಅದೇ ಮುಂದೆ ‘ನಲಿ-ಕಲಿ’ ಎಂದು ಹೆಸರಾಯಿತು. ಆ ಶಿಕ್ಷಕರು ದೊಡ್ಡ ಅಧಿಕಾರಿಗಳೂ ಅಲ್ಲ, ವಿದೇಶದಲ್ಲಿ ಓದಿದವರೂ ಅಲ್ಲ. ನಮ್ಮ ನಿಮ್ಮಂಥವರು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿತು. ಒಳ್ಳೆಯದೇ ಆಯಿತು. ಆದರೆ ಉಳಿದವರಿಗೆ ಬಂದದ್ದು ತಯಾರಾದ ಕಾರ್ಡುಗಳು. ಕೋಟೆಯ ಶಿಕ್ಷಕರು ಅವನ್ನು ತಯಾರಿಸುವಾಗ ಪಟ್ಟ ಒದ್ದಾಟ, ವಾದ, ತಿದ್ದುಪಡಿ, ರಾತ್ರಿ ಹಾಸಿಗೆಯಲ್ಲಿ ಹೊಳೆದ ಉಪಾಯ, ಇವು ಪೆಟ್ಟಿಗೆಯಲ್ಲಿ ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ. ಅಡುಗೆ ಕಲಿತವರಿಗೂ ಊಟ ತರಿಸಿಕೊಂಡವರಿಗೂ ಇರುವ ವ್ಯತ್ಯಾಸ ಇದು. ಕೆಲವು ಶಾಲೆಗಳಲ್ಲಿ ಕಾರ್ಡು ಬಂದ ಮೇಲೂ ಮೇಷ್ಟ್ರುಗಳು ಕೂತು ತಮ್ಮದನ್ನು ಸೇರಿಸಿದರು. ಅಲ್ಲಿ ಅದು ಜೀವಂತವಾಗಿದೆ. ಕೆಲವು ಕಡೆ ಕಾರ್ಡುಗಳು ದಾಸ್ತಾನು ರಿಜಿಸ್ಟರಿಗೆ ಸೇರಿದವು. ನಾನು ಮಾತಾಡಿಸಿದ ಪ್ರಾಥಮಿಕ ಶಾಲೆಯ ಗೆಳೆಯರ ಮಾತಿನಿಂದ ನನಗೆ ಕಂಡದ್ದು ಇಷ್ಟು: ಎಲ್ಲಿ ಹೆಡ್‌ಮೇಷ್ಟ್ರು ಬಗ್ಗಿ ಚಾಪೆಯ ಮೇಲೆ ಕೂತರೋ ಅಲ್ಲಿ ಮೊದಲನೆಯದು ಆಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿತು. ಉದ್ದೇಶವನ್ನು ಯಾರು ಆಕ್ಷೇಪಿಸುತ್ತಾರೆ? ಆದರೆ ಗಂಟೆ ಎಣಿಸಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಸಾಕ್ಷಿ. ಮೊಬೈಲನ್ನು ಕಿಟಕಿಯ ಮೇಲೆ ಒರಗಿಸಿ, ತರಬೇತಿಯ ವಿಡಿಯೊ ಓಡಲು ಬಿಟ್ಟು, ಅವರು ಈ ಕಡೆ ಉತ್ತರಪತ್ರಿಕೆ ತಿದ್ದುತ್ತಾರೆ. ವಿಡಿಯೊ ಮುಗಿದರೆ ಪ್ರಮಾಣಪತ್ರ ಬರುತ್ತದೆ. ‘ಕಿಟಕಿ ಈಗ ಪೂರ್ತಿ ತರಬೇತಿ ಹೊಂದಿದೆ’ ಎಂದು ಅವರೇ ನಗುತ್ತಾರೆ. ಅವರು ಸೋಮಾರಿಯಲ್ಲ, ನಮ್ಮಲ್ಲಿ ಅತಿ ಚೆನ್ನಾಗಿ ಪಾಠ ಮಾಡುವವರಲ್ಲಿ ಒಬ್ಬರು. ತನಗೆ ಹುಟ್ಟದ ಪ್ರಶ್ನೆಗೆ ಉತ್ತರ ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರುವುದಿಲ್ಲ, ಮಕ್ಕಳಿಗೂ ಇಲ್ಲ.

ಇಷ್ಟೆಲ್ಲ ಯೋಚಿಸಿ, ಕೌನ್ಸೆಲಿಂಗಿಗೆ ಕರೆ ಬಂದರೆ ಹೋಗುವುದೆಂದೇ ತೀರ್ಮಾನಿಸಿದ್ದೇನೆ. ಮನೆಯಲ್ಲಿ, ‘ಇನ್ನು ಆರು ವರ್ಷ ನೆಮ್ಮದಿಯಾಗಿ ಪಾಠ ಮಾಡಿಕೊಂಡಿರಬಾರದಾ?’ ಎಂದು ಕೇಳಿದರು. ಪಾಠ ಬಿಡುವ ಯೋಚನೆ ನನಗಿಲ್ಲ. ಯಾವ ಊರು ಸಿಗುತ್ತದೋ ಗೊತ್ತಿಲ್ಲ, ಯಾವ ಊರಾದರೂ ದಿನಕ್ಕೊಂದು ಪೀರಿಯಡ್ಡು ವಿಜ್ಞಾನ ನನ್ನದು. ಮೀಟಿಂಗಿಗೆ ಕರೆದ ದಿನ ತಪ್ಪೀತು, ಉಳಿದ ದಿನ ತಪ್ಪದು. ಮಕ್ಕಳಿಗೆ ದಿನವೂ ಪಾಠ ಮಾಡದವನಿಗೆ ಬೇರೆಯವರ ಪಾಠದ ಬಗ್ಗೆ ಹೇಳಲು ಬಾಯಿ ಬರುವುದು ಕಷ್ಟ, ಬಂದರೂ ಕೇಳುವವರಿಗೆ ಒಳಗೊಳಗೆ ನಗು.

ಗ್ರಂಥಾಲಯದ ಬೀರುವಿನ ವಿಚಾರ ಸ್ವಲ್ಪ ತೊಡಕಿನದು. ಬಹಳ ಶಾಲೆಗಳಲ್ಲಿ ಅದಕ್ಕೆ ಬೀಗ. ಕಾರಣ ಪುಸ್ತಕದ ಮೇಲಿನ ದ್ವೇಷವಲ್ಲ, ಲೆಕ್ಕ ತಪಾಸಣೆಯ ಭಯ. ಒಂದು ಪುಸ್ತಕ ಕಳೆದರೆ ಜವಾಬ್ದಾರಿ ಹೊತ್ತ ಮೇಷ್ಟ್ರು ಕೈಯಿಂದ ಕಟ್ಟಬೇಕು. ಗೆದ್ದಲು ತಿಂದರೆ ಯಾರೂ ಕಟ್ಟಬೇಕಾಗಿಲ್ಲ! ಹಾಗಾಗಿ ನಮ್ಮ ಶಾಲೆಗಳಲ್ಲಿ ಗೆದ್ದಲು ಮಕ್ಕಳಿಗಿಂತ ಹೆಚ್ಚು ಓದಿಕೊಂಡಿದೆ. ಬೀಗದ ಕೈಯನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೊಟ್ಟು, ವರ್ಷಕ್ಕೆ ಹತ್ತಿಪ್ಪತ್ತು ಪುಸ್ತಕ ಕಳೆದರೆ ನಾನು ಕಟ್ಟುವುದೆಂದು ಲೆಕ್ಕ ಹಾಕಿಟ್ಟಿದ್ದೇನೆ. ಬಡ್ತಿಯಿಂದ ಹೆಚ್ಚಾಗುವ ಅಲ್ಪ ಸಂಬಳಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ತೋಚಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾವು ನಾವೇ ಕೂರಬೇಕೆಂಬುದು ನನ್ನ ಬಹಳ ದಿನದ ಆಸೆ. ಸುತ್ತೋಲೆ ಓದುವುದಕ್ಕಲ್ಲ. ಒಬ್ಬರು ಉಳಿದವರಿಗೆ ಏನಾದರೊಂದು ಕಲಿಸಬೇಕು. ಪಿ.ಟಿ. ಮೇಷ್ಟ್ರು ಓಡುವಾಗ ಮೀನಖಂಡ ಹಿಡಿದುಕೊಂಡರೆ ಏನು ಮಾಡಬೇಕೆಂದು ತೋರಿಸಲಿ. ಹಿಂದಿ ಮೇಡಂ ಎರಡು ಭಾಷೆಯ ಗಾದೆಗಳನ್ನು ಅಕ್ಕಪಕ್ಕ ಇಡಲಿ. ಬಿಸಿಯೂಟದ ಅಡುಗೆಯಮ್ಮನನ್ನೂ ಕರೆಯಬೇಕು. ನೂರಿಪ್ಪತ್ತು ಮಕ್ಕಳ ಸಾರಿಗೆ ಉಪ್ಪನ್ನು ಆಕೆ ಅಂಗೈಯಲ್ಲಿ ಅಳೆಯುತ್ತಾರೆ, ನೂರು ಜನ ಬಂದ ದಿನ ಅದೇ ಅಂಗೈಯಲ್ಲಿ ಕಡಿಮೆ ಮಾಡುತ್ತಾರೆ. ಅನುಪಾತದ ಪಾಠವನ್ನು ಅದಕ್ಕಿಂತ ಚೆನ್ನಾಗಿ ಆರಂಭಿಸುವ ಗಣಿತದ ಮೇಷ್ಟ್ರನ್ನು ನಾನು ಕಂಡಿಲ್ಲ. ಶನಿವಾರ ಒಂದು ಗಂಟೆ ಹೆಚ್ಚು ಎಂದರೆ ಬಸ್ಸು ತಪ್ಪುತ್ತದೆ ಎನ್ನುವವರು ಇರುತ್ತಾರೆ. ಬಲವಂತ ಮಾಡುವುದಿಲ್ಲ. ಮೂವರು ಉಳಿದರೂ ಸಾಕು, ನಾನೊಬ್ಬ ಸೇರಿ ನಾಲ್ವರಾಗುತ್ತೇವೆ.

ಇನ್ನು ಹದಿನಾರನೆಯ ರಿಜಿಸ್ಟರು. ಆ ಹದಿನೈದರ ಪಕ್ಕದಲ್ಲೇ, ಅಷ್ಟೇ ದಪ್ಪ ರಟ್ಟಿನ, ಪುಟಸಂಖ್ಯೆ ಹಾಕಿದ ಪುಸ್ತಕ. ಮೇಲೆ ‘ಉತ್ತರ ಗೊತ್ತಿಲ್ಲದ ಪ್ರಶ್ನೆಗಳು’ ಎಂದು ಬರೆದಿರುತ್ತದೆ. ಮಗುವಾಗಲಿ, ಮೇಷ್ಟ್ರಾಗಲಿ, ಟಿ.ಸಿ.ಗೆಂದು ಬಂದ ತಂದೆತಾಯಿಯಾಗಲಿ, ಬರೆದು ಹೋಗಬಹುದು. ಎದುರು ಕಲಮಿನಲ್ಲಿ ಯಾರು, ಯಾವಾಗ ಉತ್ತರ ಕಂಡುಕೊಂಡರು ಎಂದು ಬರೆಯಬೇಕು. ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ ಇದನ್ನೂ ಇಡುತ್ತೇನೆ. ಅವರೂ ಒಂದೆರಡು ಬರೆದರೆ ಸಂತೋಷ.

ಇದು ಬರಿಯ ಕನಸಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಆರು ವರ್ಷದಿಂದ ಇಂಥದೊಂದು ನೋಟ್‌ಬುಕ್ಕು ಇದೆ. ಅದರ ಮೊದಲ ಪುಟದಲ್ಲಿ ಸಂತೆಯ ತಕ್ಕಡಿ ಬೊಟ್ಟಿನ ಪ್ರಶ್ನೆ ಇದೆ. ಉತ್ತರ ಕಂಡುಹಿಡಿಯಲು ಆ ಹುಡುಗನೇ ಕಾನೂನು ಮಾಪನ ಇಲಾಖೆಯ ಕಚೇರಿಗೆ ಹೋಗಿ, ಬೊಟ್ಟುಗಳ ಮೇಲಿನ ಮುದ್ರೆ ನೋಡಿಬಂದ. ನಾನು ಹೋಗುವಾಗ ಅದನ್ನು ತೆಗೆದುಕೊಂಡು ಹೋಗಬೇಕೆಂದಿದ್ದೆ. ಕಳೆದ ವರ್ಷ ಬಂದ ಗಣಿತದ ಮೇಡಂ, ನನ್ನ ಮಗಳ ವಯಸ್ಸಿನವರು, ಒಪ್ಪಲಿಲ್ಲ. ‘ಅದರಲ್ಲಿ ನನ್ನ ಮಕ್ಕಳ ಪ್ರಶ್ನೆಗಳಿವೆ ಸಾರ್, ನೀವು ಹೊಸದು ತಗೊಳ್ಳಿ’ ಎಂದರು. ಪೇಟೆಯಲ್ಲಿ ಇನ್ನೂರು ಪುಟದ ಲಾಂಗ್ ಬುಕ್ಕು ಒಂದನ್ನು ಕೊಂಡಿಟ್ಟಿದ್ದೇನೆ.

ಹಳೆಯದರಲ್ಲಿ ಕಳೆದ ವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬರೆದದ್ದು: ‘ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ?’ ಹಾಲಿನ ಪ್ರೋಟೀನು, ಕೊಬ್ಬು ಮೇಲೆ ಕೆನೆಯಾಗಿ ಹರಡಿಕೊಂಡು ಕೆಳಗಿನ ಹಬೆಯ ಗುಳ್ಳೆಗಳನ್ನು ಹಿಡಿದಿಡುವ ವಿಷಯವನ್ನು ಮೇಡಂ ಎರಡು ಸಾಲಿನಲ್ಲಿ ಎದುರಿಗೆ ಬರೆದಿದ್ದಾರೆ. ಅದರ ಕೆಳಗೆ, ಅಡುಗೆಯಮ್ಮ ಹೇಳಿ ಅದೇ ಹುಡುಗಿಯ ಕೈಯಲ್ಲಿ ಬರೆಸಿದ ಇನ್ನೊಂದು ಪ್ರಶ್ನೆ ಇದೆ: ‘ಪಾತ್ರೆ ಮೇಲೆ ಮರದ ಸೌಟು ಅಡ್ಡ ಇಟ್ಟರೆ ಉಕ್ಕೋದು ತಡೆಯುತ್ತದೆ. ಯಾಕೆ?’ ಎದುರಿನ ಕಲಮು ಸದ್ಯಕ್ಕೆ ಖಾಲಿ ಇದೆ.